ಖಾಲಿ ಬಂಡೆ

ಜನವರಿ 6

ಅಕ್ಕಾ,

ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಎಂದು ಗೊತ್ತು. ಕ್ಷೇಮ. ಇನ್ನು ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಈ ಕಾಗದದ ಜೊತೆ ಒಂದು ರೋಲ್ ಇದೆ. ಅದರಲ್ಲಿ ಇರುವುದು ಹನ್ನೆರಡೇ ಚಿತ್ರ, ಆದರೆ ಅದಕ್ಕೆ ಹನ್ನೆರಡು ಬೆಳಗುಗಳು ಹಿಡಿದಿವೆ. ನಮ್ಮ ನದಿ ಕೇಂದ್ರದಿಂದ ಸ್ವಲ್ಪ ಕೆಳಗೆ, ನೀರಿನ ಮಧ್ಯೆ ಒಂದು ಚಪ್ಪಟೆ ಬಂಡೆ ಇದೆ. ದಿನಾ ಬೆಳಗ್ಗೆ, ಬಿಸಿಲು ಬೀಳುವ ಮೊದಲು, ನೀರುನಾಯಿಯ ಸಂಸಾರವೊಂದು ಅಲ್ಲಿಗೆ ಬರುತ್ತದೆ. ಮುಂದೆ ತಾಯಿ, ಹಿಂದೆ ಮೂರು ಮರಿ. ನೀರಿನಿಂದ ಬಂಡೆಗೆ ಹಾರುವುದು ಎಷ್ಟು ಬೇಗ ಅಂದರೆ, ನಾನು ‘ಬಂತು’ ಅನ್ನುವಷ್ಟರಲ್ಲಿ ಅದು ಆಚೆ ಬದಿಯಲ್ಲಿ ಕೂತು ಮೀನು ತಿನ್ನುತ್ತಿರುತ್ತದೆ. ಹೋದ ವರ್ಷ ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದದ್ದೆಲ್ಲ ಯಾರೋ ಒದ್ದೆ ಕಾಲುಚೀಲ ಎಸೆದ ಹಾಗೆ ಬಂದಿತ್ತು. ನೀನೇ ಹಾಗೆ ಹೇಳಿ ನಕ್ಕಿದ್ದೆ.

ಅದಕ್ಕೇ ಈ ಸಲ ಕ್ಯಾಮೆರಾವನ್ನೇ ಅದರ ಮೂಗಿನ ಹತ್ತಿರ ಒಯ್ದಿದ್ದೇನೆ. ಬಂಡೆಯಿಂದ ಮೂರೇ ಗೇಣು. ನೀರು ನುಗ್ಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ, ಎರಡೂ ಕಡೆ ಫ್ಲಾಷ್. ನಾನು ಐವತ್ತು ಹೆಜ್ಜೆ ದೂರದ ಪೊದೆಯಲ್ಲಿ ಸೊಳ್ಳೆಗಳಿಗೆ ತಿಂಡಿಯಾಗಿ ಕೂತಿರುತ್ತೇನೆ. ಗುಂಡಿ ಒತ್ತುವವಳು ನಾನಲ್ಲ, ನೀರುನಾಯಿಯೇ. ಅದು ಬರುವ ದಾರಿಗೆ ಅಡ್ಡವಾಗಿ ಕಣ್ಣಿಗೆ ಕಾಣದ ಒಂದು ಬೆಳಕಿನ ಕಿರಣ ಇಟ್ಟಿದ್ದೇನೆ. ಮೈ ತಾಗಿ ಕಿರಣ ಮುರಿದರೆ ಕ್ಯಾಮೆರಾ ತಾನಾಗಿಯೇ ಕ್ಲಿಕ್ಕೆನ್ನುತ್ತದೆ. ಆದರೆ ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ಒಂದು ಗೇಣು ಮುಂದೆ ಹೋಗಿರುತ್ತಾಳೆ. ಹಾಗಾಗಿ ಫೋಕಸ್ ಇಟ್ಟ ಜಾಗಕ್ಕಿಂತ ಒಂದು ಗೇಣು ಹಿಂದೆ ಕಿರಣ ಇರಬೇಕು. ಎಲ್ಲ ನಿಂತಿರುವುದು ಆ ಒಂದು ಗೇಣಿನ ಮೇಲೆ. ಫ್ಲಾಷ್ ಹೊಳೆದ ಮೇಲೆ ಆ ದಿನ ಅವು ಬಂಡೆಯ ಕಡೆ ತಲೆಯೂ ಹಾಕುವುದಿಲ್ಲ. ಹಾಗಾಗಿ ದಿನಕ್ಕೊಂದೇ ಚಿತ್ರ.

ನಗರದ ಹೊಸ ಸಂಗ್ರಹಾಲಯದ ಎದುರು ಗೋಡೆಗೆ ಹಾರುತ್ತಿರುವ ನೀರುನಾಯಿಯ ಚಿತ್ರ ಬೇಕಂತೆ, ಆಳೆತ್ತರದ್ದು. ಮಾರ್ಚ್ ಕೊನೆಯೊಳಗೆ ಕೊಟ್ಟರೆ ಇಲ್ಲಿ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದು ಕೇಂದ್ರದ ಮೇಡಂ ನಗುನಗುತ್ತಲೇ ಹೇಳಿದ್ದಾರೆ. ಅವರು ನಗುನಗುತ್ತಾ ಹೇಳಿದ್ದೆಲ್ಲ ನಿಜವಾಗುತ್ತದೆ.

ಇಲ್ಲಿ ಫಿಲ್ಮ್ ತೊಳೆಯಲು ಕತ್ತಲೆ ಕೋಣೆ ಇಲ್ಲ. ಇದ್ದರೂ ನಿನ್ನ ಕೈಗೇ ಕೊಡುತ್ತಿದ್ದೆ. ಬೇಗ ತೊಳೆದು ಹೇಳು. ಅಪ್ಪನಿಗೆ ಒಂದೊಂದು ಚಿತ್ರವನ್ನೂ ಬಿಡಿಸಿ ಹೇಳು.

ನಿನ್ನ
ಕಡ್ಡಿ


ಜನವರಿ 17

ಕಡ್ಡಿ,

ರೋಲ್ ಬಂತು. ಹದಿನಾಲ್ಕಕ್ಕೆ ತೊಳೆದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬಾಲ ಬಂದಿದೆ. ಹನ್ನೆರಡರಲ್ಲಿ ಎಂಟರಲ್ಲಿ ಬಾಲ, ಉಳಿದವುಗಳಲ್ಲಿ ಅದೂ ಇಲ್ಲ. ನೀನು ಹೇಳುವ ಪುಣ್ಯಾತ್ಗಿತ್ತಿ ನಿನ್ನ ಕ್ಯಾಮೆರಾ ಕಣ್ಣು ಬಿಡುವ ಮೊದಲೇ ದಾಟಿಕೊಂಡು ಹೋಗಿದ್ದಾಳೆ. ಪ್ರಿಂಟ್ ಹಾಕುವಂಥದ್ದು ಒಂದೂ ಇಲ್ಲ, ಸುಮ್ಮನೆ ಪೇಪರ್ ದಂಡ.

ಅಪ್ಪನಿಗೆ ಹೇಳಿದೆ. ಅವರ ಕಣ್ಣು ಈಗ ಬೆಳಕು ಯಾವುದು ಕತ್ತಲು ಯಾವುದು ಎನ್ನುವಷ್ಟನ್ನು ಮಾತ್ರ ಬಿಟ್ಟುಕೊಡುತ್ತಿದೆ. ಸಾಯಂಕಾಲ ಅಂಗಡಿಯ ಬಾಗಿಲು ಎಳೆದ ಮೇಲೆ ಆ ದಿನದ ಚಿತ್ರಗಳನ್ನು ಅವರಿಗೆ ಬಾಯಲ್ಲಿ ಹೇಳುವುದು ನನ್ನ ಕೆಲಸ ತಾನೇ. ನಾನು ತೆಗೆದ ಇಪ್ಪತ್ತು ಪಾಸ್‌ಪೋರ್ಟ್ ಮುಖಗಳನ್ನು ಹೇಳುವಾಗ ಆಕಳಿಸುತ್ತಾರೆ. ‘ಕಡ್ಡಿಯ ರೋಲ್ ಬಂತು’ ಎಂದರೆ ಬೆನ್ನು ನೆಟ್ಟಗಾಗುತ್ತದೆ. ಬಾಲ ಎಂದಾಗ ಮುಖ ಇಳಿದುಹೋಯಿತು. ಆಮೇಲೆ ಹೇಳಿದರು, “ಕ್ಯಾಮೆರಾ ತಡ ಮಾಡ್ತಿದೆ ಕಣೇ. ಕಿರಣಾನ ಇನ್ನೂ ಎರಡು ಗೇಣು ಹಿಂದಕ್ಕೆ ತಗೋ ಅಂತ ಬರಿ ಅವಳಿಗೆ.” ಬರೆದಿದ್ದೇನೆ.

ಇವತ್ತು ಒಬ್ಬ ಬಂದಿದ್ದ. ಮದುವೆಗೆ ಹೆಣ್ಣು ನೋಡುತ್ತಿದ್ದಾರಂತೆ, ಫೋಟೋದಲ್ಲಿ ತಲೆಯ ಮೇಲೆ ಒಂದಿಷ್ಟು ಕೂದಲು ಹಾಕಿಕೊಡಿ ಎಂದ. “ಮದುವೆ ದಿನಾನೂ ಫೋಟೋನೇ ಕಳಿಸ್ತೀರಾ?” ಅಂದೆ. ಎದ್ದುಹೋದ. ಒಬ್ಬ ಗಿರಾಕಿ ಕಡಿಮೆಯಾದ. ನಿನಗೆ ಹಾರುವ ಪ್ರಾಣಿಗಳು, ನನಗೆ ‘ಗದ್ದ ಮೇಲೆತ್ತಿ, ಕಣ್ಣು ಮುಚ್ಚಬೇಡಿ’. ಚಿಕ್ಕಂದಿನಿಂದಲೂ ಹೀಗೇ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅಪ್ಪನ ಜೊತೆ ಹೊರಗೆ ಹೋಗುವವಳು ನೀನು, ಟ್ರೇ ತೊಳೆಯುವವಳು ನಾನು. ತಮಾಷೆಗೆ ಹೇಳಿದೆ.

ಅಕ್ಕ


ಫೆಬ್ರವರಿ 5

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹನ್ನೆರಡು ದಿನವೂ ಫ್ಲಾಷ್ ಹೊಳೆದದ್ದನ್ನು ಕಣ್ಣಾರೆ ನೋಡಿದ್ದೆ, ಬೆಳಕಿನಲ್ಲಿ ಅದರ ಮೈಯನ್ನೂ ನೋಡಿದ್ದೆ ಎಂದುಕೊಂಡಿದ್ದೆ. ಐವತ್ತು ಹೆಜ್ಜೆ ದೂರದಿಂದ ಒಂದು ಗೇಣಿನ ವ್ಯತ್ಯಾಸ ಯಾರಿಗೆ ತಿಳಿಯುತ್ತದೆ, ಹೇಳು. ನನಗೆ ಆಸೆ ಇದ್ದದ್ದು ಕಂಡಿರಬೇಕು.

ಅಪ್ಪ ಹೇಳಿದ ಹಾಗೆ ಕಿರಣವನ್ನು ಎರಡು ಗೇಣು ಹಿಂದಕ್ಕೆ ತೆಗೆದುಕೊಂಡೆ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಸ್ಟ್ಯಾಂಡ್ ಕಿತ್ತು ನೆಡುವುದಕ್ಕೆ ಎರಡು ದಿನ ಬೇಕಾಯಿತು. ನೆಟ್ಟ ಮೇಲೆ ಸರಿ ಇದೆಯೋ ಇಲ್ಲವೋ ಎಂದು ನೋಡಲು ನಾನೇ ನೀರುನಾಯಿಯಾಗಿ ಬಂಡೆಗೆ ಹಾರಿದೆ. ಮೊಣಕಾಲು ತರಚಿತು. ಕೇಂದ್ರದ ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಬಾಲ ಒಂದು ಕಡಿಮೆ ನಿಮಗೆ” ಅಂದ. ಬಾಲ ಎಂಬ ಮಾತು ಕೇಳಿದರೆ ಈಗ ನನಗೆ ನಗು ಬರುವುದಿಲ್ಲ.

ಇದರ ಜೊತೆ ಎರಡನೇ ರೋಲ್. ಈ ಸಲ ಹೇಗೇ ಬಂದಿರಲಿ, ಎರಡು ಪ್ರಿಂಟ್ ಹಾಕಿ ಕಳಿಸು, ತಪ್ಪು ಎಲ್ಲಿದೆ ಎಂದು ನಾನೇ ನೋಡುತ್ತೇನೆ.

ಪಾಸ್‌ಪೋರ್ಟ್ ಮುಖಗಳನ್ನು ಹಳಿಯಬೇಡ. ಅಪ್ಪ ಆಕಳಿಸಿದರೂ ನಿನ್ನ ಪಕ್ಕದಲ್ಲೇ ಆಕಳಿಸುತ್ತಾರಲ್ಲ. ನಾನು ಮನೆ ಬಿಟ್ಟು ನಾಲ್ಕು ವರ್ಷವಾಯಿತು. ಅವರ ಕಣ್ಣು ಇದ್ದ ಕಾಲದಲ್ಲಿ ನನ್ನ ಒಂದು ಒಳ್ಳೆಯ ಚಿತ್ರವನ್ನೂ ತೋರಿಸಲಿಲ್ಲ. ಅದನ್ನು ನೆನೆದರೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ, ನಿಜವಾಗಿ.

ಕಡ್ಡಿ


ಫೆಬ್ರವರಿ 10

ಕಡ್ಡಿ,

ಎರಡನೇ ರೋಲ್ ತೊಳೆದೆ. ಹನ್ನೆರಡೂ ಖಾಲಿ ಬಂಡೆ. ನೀರುನಾಯಿ ಇಲ್ಲ, ಬಾಲವೂ ಇಲ್ಲ. ಬರೀ ಬಂಡೆ. ಬಂಡೆ ಮಾತ್ರ ಫೋಕಸಿನಲ್ಲಿ ಚೆನ್ನಾಗಿ ಬಂದಿದೆ, ಒಂದೊಂದು ಬಿರುಕನ್ನೂ ಎಣಿಸಬಹುದು.

ಪ್ರಿಂಟ್ ಹಾಕಲಿಲ್ಲ. ಶಾಲೆಯ ಗುರುತಿನ ಚೀಟಿಯ ಕೆಲಸ ಬಂದಿದೆ, ನಾನೂರು ಮಕ್ಕಳು, ನಾನೂರು ಸಿಂಬಳದ ಮೂಗು. ಖಾಲಿ ಬಂಡೆಯನ್ನು ಪ್ರಿಂಟ್ ಹಾಕುತ್ತಾ ಕೂರಲು ಪುರುಸೊತ್ತಿಲ್ಲ. ಅಪ್ಪ ಚೆನ್ನಾಗಿದ್ದಾರೆ. ನಿನ್ನ ವಿಷಯ ಕೇಳಿ ಸುಮ್ಮನಾದರು, ಏನೂ ಹೇಳಲಿಲ್ಲ.

ಅಕ್ಕ


ಫೆಬ್ರವರಿ 26

ಅಕ್ಕಾ,

ಖಾಲಿ ಬಂಡೆ ಅಂದರೆ ಅದು ಆಗಲೇ ದಾಟಿ ಹೋಗಿರಬೇಕು. ಮೊದಲು ಬಾಲವಾದರೂ ಸಿಗುತ್ತಿತ್ತು, ಈಗ ಅದೂ ಇಲ್ಲ. ಮರಿಗಳು ದೊಡ್ಡವಾದ ಹಾಗೆ ತಾಯಿಯ ಓಟವೂ ಹೆಚ್ಚಾಗಿದೆಯೋ, ಕ್ಯಾಮೆರಾದ ಒಳಗೆ ತೇವ ಹೋಗಿ ಮಂದವಾಗಿದೆಯೋ ಗೊತ್ತಾಗುತ್ತಿಲ್ಲ. ಕ್ಯಾಮೆರಾ ಬಿಚ್ಚಿ ಒರೆಸಿ ಮತ್ತೆ ಜೋಡಿಸಿದೆ. ಕಿರಣವನ್ನು ಇನ್ನೂ ಒಂದು ಗೇಣು ಹಿಂದಕ್ಕೆ ಒಯ್ದೆ, ಈಗ ಅದು ನೀರಿನ ಅಂಚಿನಲ್ಲೇ ಇದೆ. ಮೂರನೇ ರೋಲ್ ಕಳಿಸಿದ್ದೇನೆ.

ಒಂದು ವಿಷಯ ಮಾತ್ರ ನೋಡಿ ಹೇಳು. ಖಾಲಿ ಬಂಡೆ ಒದ್ದೆಯಾಗಿದೆಯಾ, ಒಣಗಿದೆಯಾ? ರಾತ್ರಿಯೆಲ್ಲ ಆರಿದ ಬಂಡೆ ಅದು. ಒದ್ದೆ ಇದ್ದರೆ ಅವಳು ದಾಟಿಹೋಗಿದ್ದಾಳೆ ಎಂದು ಖಾತ್ರಿ. ಭೂತಗನ್ನಡಿ ಇಟ್ಟು ನೋಡು, ನಿನ್ನ ಕಣ್ಣಿನಷ್ಟು ಚುರುಕು ಕಣ್ಣು ನನಗಿಲ್ಲ.

ಮೇಡಂ ಈಗ ನಗುವುದನ್ನು ಬಿಟ್ಟಿದ್ದಾರೆ. ಊಟದ ಕೋಣೆಗೆ ನಾನು ಹೋದರೆ ಮಾತು ನಿಲ್ಲುತ್ತದೆ. ಮೊನ್ನೆ ದೋಣಿಯವನು ಹೇಳಿದ, “ನೀವು ಅಲ್ಲಿ ನಿಂತು ನೀರುನಾಯೀನ ಕೈಲೇ ಹಿಡ್ಕೊಂಬಿಡಿ ಅಮ್ಮಾ, ಸಲೀಸು.” ಪಾಪ, ಸಮಾಧಾನ ಮಾಡಲು ಹೇಳಿದ್ದು. ಪೊದೆಯೊಳಗೆ ಹೋಗಿ ಅತ್ತೆ.

ನೀನು ಮೊದಲಿನಿಂದಲೂ ಮುಖಮುಲಾಜು ನೋಡದೆ ಹೇಳುವವಳು. ನನಗೆ ಇದು ಕೈಹತ್ತುವುದಿಲ್ಲ ಎಂದು ಅನಿಸಿದರೆ ಹೇಳಿಬಿಡು. ಬೇರೆ ಯಾರು ಹೇಳಿದರೂ ನಾನು ನಂಬುವುದಿಲ್ಲ.

ಕಡ್ಡಿ


ಮಾರ್ಚ್ 7

ನನ್ನ ಕಡ್ಡಿ,

ಕಾಗದ ಓದಿ ತುಂಬ ನೋವಾಯಿತು. ಪೊದೆಯಲ್ಲಿ ಕೂತು ಅಳುವುದೆಂದರೇನು? ಊಟ ಸರಿಯಾಗಿ ಮಾಡುತ್ತಿದ್ದೀಯಾ? ನೀರಿನಲ್ಲಿ ಅಷ್ಟು ಹೊತ್ತು ನಿಲ್ಲಬೇಡ. ಅಂಚೆಯಲ್ಲಿ ಒಂದು ಉಣ್ಣೆ ಸ್ವೆಟರ್ ಕಳಿಸಿದ್ದೇನೆ, ಬೂದು ಬಣ್ಣದ್ದು, ಹೊಸದು.

ಮೂರನೇ ರೋಲ್ ಕೂಡ ಖಾಲಿ ಬಂಡೆಯೇ. ಒದ್ದೆಯೋ ಒಣಗಿದೆಯೋ ಎಂದು ಕೇಳಿದ್ದೀಯ. ಕಪ್ಪು ಬಿಳುಪಿನಲ್ಲಿ ಅದೆಲ್ಲ ಹೇಳಲಾಗುವುದಿಲ್ಲ.

ನಿನಗೆ ಕೈಹತ್ತುವುದಿಲ್ಲ ಎಂದು ನಾನು ಹೇಳುವುದಿಲ್ಲ. ಎಲ್ಲ ಕೆಲಸವೂ ಎಲ್ಲರಿಗೂ ಒಗ್ಗಬೇಕು ಎಂದೇನಿಲ್ಲ, ಅಷ್ಟೇ. ನಿನಗೆ ಮಕ್ಕಳೆಂದರೆ ಇಷ್ಟ, ಅಲ್ಲೇ ಹತ್ತಿರದ ಪಟ್ಟಣದ ಯಾವುದಾದರೂ ಶಾಲೆಯಲ್ಲಿ ಚಿತ್ರ ಬಿಡಿಸುವುದನ್ನು ಕಲಿಸಬಹುದು. ಆ ಕಡೆಯ ಹವೆ ನಿನ್ನ ಆರೋಗ್ಯಕ್ಕೆ ಚೆನ್ನಾಗಿ ಹಿಡಿಸಿದೆ. ಇಲ್ಲಿ ಬರೀ ಹೊಗೆ, ಧೂಳು.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನಿದ್ದೇನೆ.

ನಿನ್ನ ಅಕ್ಕ


ಮಾರ್ಚ್ 14

ಅಕ್ಕಾ,

ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ನೀನು ಇಷ್ಟು ಮೆತ್ತಗೆ ಯಾವತ್ತೂ ಬರೆದವಳಲ್ಲ. ಅಂದರೆ ನನ್ನ ಕಥೆ ಮುಗಿಯಿತು ಎಂದು ಅರ್ಥವಾಯಿತು.

ಮೇಡಂ ಹತ್ತಿರ ನಾನೇ ಹೋಗಿ ಹೇಳಿದೆ. ಬೇರೆ ಯಾರೋ ಬರುತ್ತಾರಂತೆ, ನದಿ ಏರುವುದರೊಳಗೆ ಅವರು ಒಂದು ಕೈ ನೋಡುತ್ತಾರಂತೆ. ನನ್ನ ಪೆಟ್ಟಿಗೆ, ಫ್ಲಾಷ್ ಎಲ್ಲ ಒರೆಸಿ ಒಪ್ಪಿಸಬೇಕು.

ಅಪ್ಪನ ಕಾಗದವೂ ಬಂತು. ನಿನಗೆ ಗೊತ್ತೇ ಇದೆಯಲ್ಲ, ಪಕ್ಕದ ಅಂಗಡಿಯ ಟೈಲರ್ ಕೈಲಿ ಬರೆಸಿದ್ದಾರೆ. ನಿನಗೆ ಕೆಲಸ ಜಾಸ್ತಿ ಎಂದು ನಿನ್ನ ಕೈಲಿ ಬರೆಸಲಿಲ್ಲವಂತೆ. “ಮುಂದಿನ ಕೋಣೆ, ದೊಡ್ಡ ಕ್ಯಾಮೆರಾ, ಬಾಗಿಲ ಮೇಲಿನ ಬೋರ್ಡು ಎಲ್ಲಾ ನಿನ್ನದೇ, ಬಾ. ನಿನ್ನ ಅಕ್ಕ ಹೇಗಿದ್ರೂ ಕತ್ತಲೆ ಕೋಣೇಲೇ ಇರೋದು, ಅವಳಿಗೆ ಅದೇ ಇಷ್ಟ” ಎಂದು ಬರೆಸಿದ್ದಾರೆ. ಓದಿ ಎಷ್ಟು ಹಗುರವಾಯಿತು ಗೊತ್ತಾ? ಇಬ್ಬರೂ ಒಟ್ಟಿಗೇ ಇರೋಣ. ಗದ್ದ ಮೇಲೆತ್ತಿ ಎಂದು ಹೇಳುವುದನ್ನು ನಾನು ಕಲಿತುಕೊಳ್ಳುತ್ತೇನೆ, ನೀನು ಇಷ್ಟು ವರ್ಷ ನಿಂತು ನಿಂತು ಕಾಲು ನೋಯಿಸಿಕೊಂಡದ್ದು ಸಾಕು.

ಇಪ್ಪತ್ತೆಂಟಕ್ಕೆ ಹೊರಡುತ್ತೇನೆ. ಇನ್ನು ಕಾಡಿನ ಕಡೆ ತಿರುಗಿಯೂ ನೋಡುವುದಿಲ್ಲ.

ಕಡ್ಡಿ


ಮಾರ್ಚ್ 17

ಕಡ್ಡಿ,

ಈ ಲಕೋಟೆಯಲ್ಲಿ ಎರಡು ರಟ್ಟುಗಳ ಮಧ್ಯೆ ಒಂದು ಪ್ರಿಂಟ್ ಇದೆ. ಮೊದಲು ಅದನ್ನು ನೋಡು, ಆಮೇಲೆ ಇದನ್ನು ಓದು.

ಅದು ನಿನ್ನ ಮೊದಲನೇ ರೋಲಿನ ಒಂಬತ್ತನೇ ಚಿತ್ರ. ಬಾಲ ಅಂದದ್ದು ಸುಳ್ಳು. ಹನ್ನೆರಡರಲ್ಲಿ ಏಳು ಚೆನ್ನಾಗಿದ್ದವು. ಇದು ಎಷ್ಟು ಚೆನ್ನಾಗಿದೆ ಎಂದು ಹೇಳಲು ನನ್ನ ಹತ್ತಿರ ಮಾತಿಲ್ಲ. ನೀನು ಇಟ್ಟ ಒಂದು ಗೇಣು ಸರಿಯಾಗಿತ್ತು.

ಆ ದಿನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೆಗೆಟಿವ್ ಒಣಗಿದ ಕೂಡಲೇ ಒಂಬತ್ತನೆಯದನ್ನು ಎನ್ಲಾರ್ಜರಿಗೆ ಹಾಕಿದೆ. ಪೇಪರನ್ನು ಟ್ರೇಗೆ ಬಿಟ್ಟೆ. ಮೊದಲು ಮೀನು ಕಾಣಿಸಿತು, ಆಮೇಲೆ ಅದನ್ನು ಕಚ್ಚಿದ ಬಾಯಿ, ಆಮೇಲೆ ಮೀಸೆ, ಮೀಸೆಯ ತುದಿಯಿಂದ ಹಾರಿದ ನೀರು. ಇಡೀ ತಾಯಿ ಗಾಳಿಯಲ್ಲಿತ್ತು, ಒಂದು ಕಾಲೂ ನೆಲಕ್ಕಿಲ್ಲ. ಮುಂಗಾಲಿನ ಬೆರಳುಗಳ ಮಧ್ಯದ ತೆಳು ಚರ್ಮದೊಳಗೆ ನರ ಕಾಣುತ್ತಿತ್ತು. ಹಿಂದೆ ಒಂದು ಮರಿ, ಅದೂ ಗಾಳಿಯಲ್ಲೇ, ಕಣ್ಣು ಮುಚ್ಚಿಕೊಂಡು. ನನಗೆ ಜೋರಾಗಿ ಕೂಗಿ ಯಾರಿಗಾದರೂ ತೋರಿಸಬೇಕು ಅನಿಸಿತು. ಅಷ್ಟರಲ್ಲಿ ಅಪ್ಪ ಬಾಗಿಲು ತಟ್ಟಿದರು. “ಏನು ಬಂತೇ, ಏನು ಬಂತು?” ಆ ದನಿ ಕೇಳಿದೆ. ಹದಿನೆಂಟು ವರ್ಷದಿಂದ ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ, ಒಂದು ದಿನವೂ ನನ್ನ ಚಿತ್ರಕ್ಕೆ ಅವರು ಹಾಗೆ ಓಡಿ ಬಂದು ಬಾಗಿಲು ತಟ್ಟಿಲ್ಲ. “ಬಾಲ” ಅಂದುಬಿಟ್ಟೆ.

ಬಾಯಿ ತಪ್ಪಿ ಬಂತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಆಮೇಲೆ ಮೂರು ದಿನ ಕಳೆದು ಕೂತು ಬರೆದ ಕಾಗದ ಬಾಯಿ ತಪ್ಪಿ ಬಂದದ್ದಲ್ಲ. ಅಪ್ಪ ಎರಡು ಗೇಣು ಹಿಂದೆ ಎಂದಾಗ ಇದು ನಿನ್ನನ್ನು ಹಾಳು ಮಾಡುತ್ತದೆ ಎಂದು ಗೊತ್ತಿತ್ತು, ಬರೆದೆ. ಎರಡನೇ ರೋಲಿನಲ್ಲಿ ಖಾಲಿ ಬಂಡೆ ಎಂದದ್ದು ನಿಜ. ಆದರೆ ಬಂಡೆ ಒಣಗಿತ್ತು, ಕಡ್ಡಿ. ಹನ್ನೆರಡರಲ್ಲೂ ಒಣಗಿತ್ತು. ಅದು ದಾಟಿ ಹೋಗಿರಲಿಲ್ಲ, ಇನ್ನೂ ಬಂದೇ ಇರಲಿಲ್ಲ. ನೀನು ಹಿಂದೆ ಹೋದಷ್ಟೂ ಕ್ಯಾಮೆರಾ ಮೊದಲೇ ಹೊಡೆಯುತ್ತಿತ್ತು. ಆ ಒಂದು ಮಾತು ಬರೆದಿದ್ದರೆ ನಿನಗೆ ಅಲ್ಲಿಯೇ ಹೊಳೆದುಬಿಡುತ್ತಿತ್ತು. ನೀನು ಕೇಳಿದ ಮೇಲೂ ಬರೆಯಲಿಲ್ಲ. ಕಪ್ಪು ಬಿಳುಪಿನಲ್ಲಿ ಗೊತ್ತಾಗುವುದಿಲ್ಲ ಎಂದೆ. ಕಪ್ಪು ಬಿಳುಪಿನಲ್ಲಿ ಅದಕ್ಕಿಂತ ಚೆನ್ನಾಗಿ ಗೊತ್ತಾಗುವುದು ಇನ್ಯಾವುದೂ ಇಲ್ಲ.

ಹೊಟ್ಟೆಕಿಚ್ಚು ಅನ್ನುವುದನ್ನು ನೀನು ನಿನ್ನ ಕಾಗದದಲ್ಲಿ ಎಷ್ಟು ಸಲೀಸಾಗಿ ಬರೆದಿದ್ದೆ! ಬರೆಯಬಲ್ಲವರಿಗೆ ಅದು ದೊಡ್ಡದಲ್ಲ. ನನಗೆ ಅದು ದಿನಾ ಎದ್ದ ಕೂಡಲೇ ಶುರುವಾಗುತ್ತದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನನ್ನನ್ನು ಒಳ್ಳೆಯವಳು ಎಂದುಕೊಂಡುಬಿಡುತ್ತೀಯ. ನಾನು ಇದನ್ನು ಬರೆಯುತ್ತಿರುವುದು ಮನಸ್ಸಾಕ್ಷಿ ಚುಚ್ಚಿ ಅಲ್ಲ. ನೀನು ಬರುತ್ತೀಯ ಎಂದು. ಟೈಲರ್ ಕೈಲಿ ಬರೆಸಿದ ಕಾಗದ ನನಗೆ ಗೊತ್ತಿರಲಿಲ್ಲ. ಮುಂದಿನ ಕೋಣೆ ನನ್ನದು. ಸ್ಟೂಲ್ ನನ್ನದು, ಪರದೆ ನಾನು ಹೊಲಿದದ್ದು. ಮುಖಗಳು ಎಷ್ಟೇ ಸಪ್ಪೆಯಾಗಿರಲಿ, ನನ್ನವು. ನಿನಗೆ ನದಿ ಇದೆ, ನೀನು ಅಲ್ಲೇ ಇರು. ಚಿತ್ರ ಕೊಡು, ಕೆಲಸ ಉಳಿಸಿಕೋ, ಬರಬೇಡ.

ಕ್ಷಮಿಸು ಎಂದು ಕೇಳುವ ಮುಖ ಇಲ್ಲ.

ಅಕ್ಕ


ಮಾರ್ಚ್ 25

ಅಕ್ಕ,

ಪ್ರಿಂಟ್ ಮೇಡಂ ಕೈಯಲ್ಲಿದೆ. ಅವರು ತುಂಬ ಹೊತ್ತು ನೋಡಿದರು. “ಇದು ಜನವರಿಯದಾ?” ಎಂದು ಕೇಳಿದರು. ಹೌದು ಎಂದೆ. “ಇಷ್ಟು ದಿನ ಎಲ್ಲಿತ್ತು?” ಅಂದರು. ಅಂಚೆಯಲ್ಲಿ ತಪ್ಪಿಹೋಗಿತ್ತು ಎಂದೆ. ಹೀಗೆ ನಾನೂ ಒಂದು ಸುಳ್ಳು ಹೇಳಿದ ಹಾಗಾಯಿತು, ನಿನ್ನ ಸಲುವಾಗಿ.

ಸಂಗ್ರಹಾಲಯದವರು ಒಪ್ಪಿದರು. ಕೆಲಸ ಕಾಯಂ ಆಯಿತು. ಬೇರೆ ಯಾರೂ ಬರುವುದಿಲ್ಲ. ಎಲ್ಲ ಸರಿಹೋಯಿತು ಎಂದು ಇಲ್ಲಿ ಎಲ್ಲರೂ ಬೆನ್ನು ತಟ್ಟುತ್ತಿದ್ದಾರೆ.

ಕಿರಣವನ್ನು ಮೊದಲಿನ ಜಾಗಕ್ಕೆ ತಂದೆ. ಮೂರು ದಿನ ಕಾದೆ. ಮರಿಗಳು ಬೆಳೆದಿವೆ, ಸಂಸಾರ ಬಂಡೆ ಬಿಟ್ಟು ಹೋಗಿದೆ. ನನ್ನ ಇಪ್ಪತ್ತನಾಲ್ಕು ಬೆಳಗುಗಳನ್ನು ನೀನು ತಿಂದುಹಾಕಿದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕಣ್ಣನ್ನು ನಾನೇ ನಂಬದ ಹಾಗೆ ಮಾಡಿದೆ. ಫ್ಲಾಷಿನಲ್ಲಿ ಅದರ ಮೈ ನೋಡಿದ್ದೆ, ಅಕ್ಕ. ನೋಡಿದ್ದೆ ಎಂದು ಬರೆದಿದ್ದೆ. ನೋಡಿಲ್ಲ ಎಂದು ನೀನು ಹೇಳಿದ್ದಕ್ಕೆ ನೋಡಿಲ್ಲ ಎಂದುಕೊಂಡೆ.

ಸ್ವೆಟರನ್ನು ದೋಣಿಯವನಿಗೆ ಕೊಟ್ಟೆ.

ಮುಂದಿನ ಕೋಣೆ ನನಗೆ ಬೇಡ. ಯಾವತ್ತೂ ಬೇಕಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಇನ್ನು ಮೇಲೆ ರೋಲ್‌ಗಳನ್ನು ಇಲ್ಲೇ ಬಚ್ಚಲಲ್ಲಿ ತೊಳೆದುಕೊಳ್ಳುತ್ತೇನೆ. ಉಳಿದ ನೆಗೆಟಿವ್‌ಗಳನ್ನು ಕಳಿಸು.

ಒಂದು ಕೆಲಸ ನೀನು ಮಾಡಬೇಕು. ಅಪ್ಪನಿಗೆ ನೀನೇ ಹೇಳಬೇಕು. ಒಂಬತ್ತನೇ ಚಿತ್ರವನ್ನು ನೀನೇ ಬಿಡಿಸಿ ಹೇಳಬೇಕು, ಏನೂ ಬಿಡದೆ. ಅವರ ಮುಖ ಹೇಗಾಯಿತು ಎಂದು ನನಗೆ ಬರೆಯಬೇಕು. ಅದನ್ನು ನೋಡುವ ಭಾಗ್ಯವೂ ನಿನ್ನದೇ ಆಯಿತಲ್ಲ.


ಏಪ್ರಿಲ್ 3

ಕಡ್ಡಿ,

ಹೇಳಿದೆ. ನೀನು ಕೇಳಿದ ಹಾಗೆ ಎಲ್ಲವನ್ನೂ ಬರೆಯುತ್ತೇನೆ.

ಭಾನುವಾರ, ಅಂಗಡಿಗೆ ರಜೆ. ಅಪ್ಪ ಕಿಟಕಿಯ ಹತ್ತಿರ ಕೂತು ಟೀ ಕುಡಿಯುತ್ತಿದ್ದರು. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ.

“ಅಪ್ಪಾ, ಜನವರೀಲಿ ಅವಳ ರೋಲ್ ಬಂದಾಗ ಬಾಲ ಅಂದಿದ್ನಲ್ಲ, ಅದು ಸುಳ್ಳು. ಚಿತ್ರ ಬಂದಿತ್ತು.”

“ಹೂಂ” ಅಂದರು.

“ಒಂಬತ್ತನೇದು ತುಂಬಾ ಚೆನ್ನಾಗಿತ್ತು.”

“ಹೇಳು.”

ಹೇಳಿದೆ. ಮೀನಿನಿಂದ ಶುರುಮಾಡಿದೆ. ಮೀನಿನ ಕಣ್ಣಿನಲ್ಲಿ ಎರಡು ಬಿಳಿ ಚುಕ್ಕಿ, ಎರಡು ಫ್ಲಾಷಿನವು. ಮೇಲ್ದವಡೆಯ ಹಲ್ಲು ಎಷ್ಟು, ಮೀಸೆಯ ಯಾವ ಕೂದಲು ಬಾಗಿದೆ, ನೀರಿನ ಎಳೆ ಎಲ್ಲಿ ಕಡಿದು ಹನಿಯಾಗಿದೆ, ಮರಿಯ ಮುಖ ಎಷ್ಟು ಹೆದರಿದೆ, ಎಲ್ಲ. ಅರ್ಧ ಗಂಟೆ ಮಾತಾಡಿರಬೇಕು. ಅಪ್ಪ ಆಕಳಿಸಲಿಲ್ಲ. ಟೀ ಆರಿ ತಣ್ಣಗಾಯಿತು. ಅವರ ಮುಖ ಹೇಗಾಯಿತು ಎಂದು ಕೇಳಿದ್ದೀಯ. ಕಣ್ಣಿದ್ದಾಗ ನೀನು ಬಾಗಿಲು ದೂಡಿಕೊಂಡು ಒಳಗೆ ಬಂದರೆ ಹೇಗಾಗುತ್ತಿತ್ತೋ ಹಾಗಾಯಿತು. ನಾನು ಎದುರಿಗೆ ಕೂತಿದ್ದೆ, ಆ ಮುಖ ನಿನ್ನ ಕಡೆ ತಿರುಗಿತ್ತು.

ಮುಗಿಸಿ ಬೈಗುಳಕ್ಕೆ ಕಾದೆ. ನಾಲ್ಕು ಬಾರಿಸಲಿ ಎಂದೂ ಆಸೆ ಇತ್ತು. ಅಪ್ಪ ತಲೆ ಬಗ್ಗಿಸಿಕೊಂಡು ಕೂತರು.

“ನಂಗೆ ಗೊತ್ತಿತ್ತು ಕಣೇ” ಅಂದರು.

“ಏನು ಗೊತ್ತಿತ್ತು?”

“ಎರಡನೇ ರೋಲ್ ತೊಳ್ದಾಗ ಕೇಳಿದ್ನಲ್ಲ ನಿನ್ನ, ಬಂಡೆ ಒದ್ದೆ ಇದ್ಯಾ ಒಣಗಿದ್ಯಾ ಅಂತ. ನೀನು ಶಾಲೆ ಮಕ್ಕಳ ಫೋಟೋ ಕತ್ತರಿಸ್ತಾ ಕೂತಿದ್ದೆ. ತಲೆ ಎತ್ತದೇ ಒಣಗಿದೆ ಅಂದೆ. ನಲವತ್ತು ವರ್ಷ ಕ್ಯಾಮೆರಾ ಹಿಡಿದವನು ನಾನು, ಅಷ್ಟು ತಿಳಿಯಲ್ವಾ? ಒಣಗಿದ್ರೆ ಅದಿನ್ನೂ ಬಂದಿಲ್ಲ ಅಂತ. ನಾನು ಹಿಂದಕ್ಕೆ ಅಂದಿದ್ದೇ ತಪ್ಪಾಯ್ತು. ಹಾಗಿದ್ರೆ ಅವಳು ಮೊದಲು ಇಟ್ಟಿದ್ದೇ ಸರಿ. ಅದು ಸರಿ ಇದ್ರೆ ಬಾಲ ಹೆಂಗೆ ಬರತ್ತೆ? ನೀನು ಸುಳ್ಳು ಹೇಳ್ತಿದೀಯ ಅಂತ ಆವತ್ತೇ ಗೊತ್ತಾಯ್ತು.”

ನನಗೆ ಅವರು ಹಾಗೆ ಕೇಳಿದ್ದೇ ನೆನಪಿಲ್ಲ, ಕಡ್ಡಿ. ನಾನೂರು ಫೋಟೋ ಕತ್ತರಿಸುವವಳಿಗೆ ಯಾವುದು ನೆನಪಿರುತ್ತದೆ.

“ಮತ್ಯಾಕೆ ಸುಮ್ನಿದ್ರಿ? ಅವಳಿಗೆ ಹೇಳ್ಬೋದಿತ್ತಲ್ಲ. ನನ್ನ ಕೆನ್ನೆಗೆ ಹೊಡೀಬೋದಿತ್ತಲ್ಲ.”

ಅಪ್ಪ ಆರಿದ ಟೀ ಲೋಟವನ್ನು ತಡವಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ಹೇಳಿದರು. “ಫೋಟೋ ಸಿಗ್ಲಿಲ್ಲ ಅಂದ್ರೆ ಬೇಜಾರಾಗಿ ಮನೆಗೆ ಬರ್ತಾಳೆ ಅಂದ್ಕೊಂಡೆ. ಕಣ್ಣು ಪೂರ್ತಿ ಹೋಗೋದ್ರೊಳಗೆ ಬರ್ಲಿ ಅಂತ. ಬೆಳಕಿನ ಎದುರಿಗೆ ನಿಂತ್ರೆ ನೆರಳಾದ್ರೂ ಕಾಣತ್ತೆ ಇನ್ನೂ.”

ಟೈಲರ್ ಕೈಲಿ ಬರೆಸಿದ್ದು ಅದಕ್ಕೇ. ನನಗೆ ಕೆಲಸ ಜಾಸ್ತಿ ಎಂದಲ್ಲ.

ಎದ್ದು ಹೋಗಿ ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಸುಳ್ಳು ಹೇಳಿದೆ. ನಿನ್ನ ಮೇಲಿನ ಆಸೆಗೆ ಅಪ್ಪ ಆ ಸುಳ್ಳನ್ನು ಇಟ್ಟುಕೊಂಡರು. ನಾನು ಎರಡು ತಿಂಗಳು ಒಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡ ಪಾಪವೂ ನನ್ನದಾಗಿರಲಿಲ್ಲ, ಅದೂ ನಿನಗಾಗಿ ನಡೆಯುತ್ತಿತ್ತು. ನೀನು ಬೈದರೆ ಬೈಯಿ, ಆದರೆ ಆ ಹೊತ್ತಿನಲ್ಲಿ ನನಗೆ ನಿನ್ನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಒಂಬತ್ತನೇ ಚಿತ್ರ ನೋಡಿದಾಗಲೂ ಬಂದಿರಲಿಲ್ಲ.

ನೆಗೆಟಿವ್‌ಗಳು ಇದರ ಜೊತೆಗಿವೆ, ಮೂರು ರೋಲಿನವೂ. ಒಂದೂ ಗೀರಿಲ್ಲ, ಬೇಕಾದರೆ ಭೂತಗನ್ನಡಿಯಲ್ಲಿ ನೋಡಿಕೋ.

“ಇದನ್ನೆಲ್ಲಾ ಅವಳಿಗೆ ಬರೀಬೇಡ ಕಣಮ್ಮ, ನನ್ನ ಬಗ್ಗೆ ಏನಂದ್ಕೊಳ್ತಾಳೆ” ಎಂದು ಅಪ್ಪ ಕೈ ಹಿಡಿದುಕೊಂಡು ಕೇಳಿದರು. ಅವರು ನನ್ನ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ. ಆಗಲಿ ಎಂದೆ. ಈಗ ಬರೆಯುತ್ತಿದ್ದೇನೆ. ನಿನಗೆ ನಿಜ ಗೊತ್ತಾಗಬೇಕು ಎಂದೋ, ನಿನ್ನ ಕಣ್ಣಿನಲ್ಲಿ ಅಪ್ಪನೂ ಒಂದು ಮೆಟ್ಟಿಲು ಕೆಳಗಿಳಿಯಲಿ ಎಂದೋ, ನನಗೇ ತಿಳಿಯುತ್ತಿಲ್ಲ.

ಒಂದು ಸಲ ಬಂದು ಹೋಗು. ಮುಂದಿನ ಕೋಣೆಗಾಗಿ ಅಲ್ಲ, ಅವರ ಎದುರಿಗೆ ಬೆಳಕಿನಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದಕ್ಕೆ. ಬರಲು ಮನಸ್ಸಾಗದಿದ್ದರೆ ಅವರಿಗೆ ಎರಡು ಸಾಲು ಬರೆ. ಏನೇ ಬರೆದರೂ ಓದಿ ಹೇಳುವವಳು ನಾನೇ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ, ನನಗೆ ಎಷ್ಟೇ ಉರಿಯಲಿ.

ಅಕ್ಕ